ಕಾಡ್ಗಿಚ್ಚು ಆರಿಸುವ ಕೆಲಸಕ್ಕೆ ಸೇರುವುದು ಹೇಗೆ? ಪುಣೆಯ ಕನ್ನಡಿಗರಿಗೆ ಹಂತ ಹಂತದ ಮಾರ್ಗದರ್ಶಿ

ಫೆಬ್ರವರಿ ಬಂತೆಂದರೆ ನನಗೆ ಫೋನ್ ಶುರುವಾಗುತ್ತವೆ. ಭೋಸರಿಯಿಂದ, ಕಾತ್ರಜ್‌ನಿಂದ, ಹಡಪ್ಸರ್‌ನಿಂದ. "ಅಣ್ಣಾ, ಗುಡ್ಡದ ಬೆಂಕಿ ಆರಿಸೋ ಕೆಲಸಕ್ಕ ಸೇರಬೇಕಂತೀನಿ. ಯಾವ ಕೋರ್ಸ್ ಮಾಡ್ಲಿ?"

ತಪ್ಪು ಈ ಪ್ರಶ್ನೆಯಲ್ಲೇ ಇದೆ. ಈ ದಾರಿಯಲ್ಲಿ ಕೋರ್ಸ್ ಬರುವುದು ಕೊನೆಗೆ. ನಮ್ಮ ಹುಡುಗರು ಮೊದಲು ದುಡ್ಡು ಕಟ್ಟಿ ಸರ್ಟಿಫಿಕೇಟ್ ತರುತ್ತಾರೆ. ಆಮೇಲೆ ಓಟ ಶುರು ಮಾಡುತ್ತಾರೆ. ಕೊನೆಗೆ ಕಾಗದ ಪತ್ರ ಹುಡುಕುತ್ತಾರೆ. ಅಷ್ಟರಲ್ಲಿ ಅರ್ಜಿಯ ದಿನ ದಾಟಿರುತ್ತದೆ. ನಾನು ಕೂಡ ಹೀಗೇ ಒಂದು ಖಾಸಗಿ ಸಂಸ್ಥೆಗೆ 'ಫೈರ್ ಅಂಡ್ ಸೇಫ್ಟಿ' ಡಿಪ್ಲೊಮಾಕ್ಕೆ ದುಡ್ಡು ಕಟ್ಟಿದ್ದೆ. ಅಲ್ಲಿ ಕಲಿಸಿದ್ದು ಕಟ್ಟಡದ ಬೆಂಕಿ, ಸಿಲಿಂಡರ್, ಹೈಡ್ರಂಟ್. ಒಂದು ವರ್ಷದಲ್ಲಿ ಹುಲ್ಲಿನ ಬೆಂಕಿಯ ಬಗ್ಗೆ ಒಂದು ಪಾಠವೂ ಇರಲಿಲ್ಲ. ಆ ವರ್ಷ ನಿಮ್ಮದೂ ಹೋಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

## ಹಂತ 1: ಕೆಲಸ ಎಲ್ಲಿದೆ ಅಂತ ಮೊದಲು ತಿಳಿಯಿರಿ

ನಮ್ಮ ದೇಶದಲ್ಲಿ ಅಮೆರಿಕದ ಹಾಗೆ ಕಾಡಿನ ಬೆಂಕಿಗೆಂದೇ ಬೇರೆ ಕಾಯಂ ಹುದ್ದೆ, ಬೇರೆ ನೇಮಕಾತಿ ಇಲ್ಲ. ಕಾಡಿಗೆ ಬೆಂಕಿ ಬಿದ್ದರೆ ಆರಿಸುವವರು ಅರಣ್ಯ ಇಲಾಖೆಯವರು. ಅದರಲ್ಲೂ ಗಾರ್ಡ್, ವಾಚರ್ ಮತ್ತು ಊರಿನ ಜನ. ಊರೊಳಗಿನ ಅಗ್ನಿಶಾಮಕ ದಳ ಬೇರೆ. ಅವರ ಗಾಡಿ ರಸ್ತೆ ಮುಗಿದಲ್ಲಿ ನಿಲ್ಲುತ್ತದೆ, ಬೆಂಕಿ ಗುಡ್ಡ ಹತ್ತಿ ಹೋಗುತ್ತದೆ.

ಹಾಗಾಗಿ ದೊಡ್ಡ ಬಾಗಿಲು ಒಂದೇ: ಮಹಾರಾಷ್ಟ್ರದಲ್ಲಿ 'ವನರಕ್ಷಕ', ಕರ್ನಾಟಕದಲ್ಲಿ 'ಗಸ್ತು ಅರಣ್ಯ ಪಾಲಕ'. ಎರಡೂ ಜನ ಫಾರೆಸ್ಟ್ ಗಾರ್ಡ್ ಅನ್ನುವ ಹುದ್ದೆಗಳೇ. ಎರಡಕ್ಕೂ ಸಾಮಾನ್ಯವಾಗಿ ಹನ್ನೆರಡನೆಯ ತರಗತಿ ಪಾಸಾಗಿರಬೇಕು. ಕರ್ನಾಟಕದಲ್ಲಿ ಹತ್ತನೆಯ ತರಗತಿ ಮುಗಿಸಿದವರಿಗೆ 'ಅರಣ್ಯ ವೀಕ್ಷಕ' ಹುದ್ದೆಯೂ ಇದೆ. ಡಿಗ್ರಿ ಮುಗಿಸಿದವರು ವಲಯ ಅರಣ್ಯಾಧಿಕಾರಿ ಅಥವಾ ಯುಪಿಎಸ್‌ಸಿ ಮೂಲಕ ಐಎಫ್‌ಎಸ್ (ಭಾರತೀಯ ಅರಣ್ಯ ಸೇವೆ) ಕಡೆ ನೋಡಬಹುದು. ಆ ಪರೀಕ್ಷೆಗಳ ತಯಾರಿಯೇ ಬೇರೆ, ಇಲ್ಲಿ ಅದಕ್ಕೆ ಕೈ ಹಾಕುವುದಿಲ್ಲ.

ಸಣ್ಣ ಬಾಗಿಲುಗಳೂ ಇವೆ. ಬೇಸಿಗೆಗೆ ಮಾತ್ರ ತೆಗೆದುಕೊಳ್ಳುವ ಫೈರ್ ವಾಚರ್ ಕೆಲಸ ಒಂದು. ಇದು ಹೆಚ್ಚಾಗಿ ಕಾಡಿನ ಪಕ್ಕದ ಹಳ್ಳಿಯವರಿಗೇ ಸಿಗುತ್ತದೆ, ಸಿಗಬೇಕಾದದ್ದೂ ಅವರಿಗೇ. ಇನ್ನೊಂದು ನಕ್ಷೆ ಮತ್ತು ಉಪಗ್ರಹ ಚಿತ್ರದ ಕೆಲಸ. ಪುಣೆಯಲ್ಲಿ ಐಟಿ ಕೆಲಸ ಮಾಡಿಕೊಂಡಿರುವವರಿಗೆ ಇದು ಚೆನ್ನಾಗಿ ಒಗ್ಗುತ್ತದೆ.

## ಹಂತ 2: ಕಾಗದ ಮತ್ತು ಭಾಷೆ

ಅತಿ ಹೆಚ್ಚು ಜನ ಸೋಲುವುದು ಇಲ್ಲೇ. ಓಟದಲ್ಲಿ ಅಲ್ಲ.

ಮಹಾರಾಷ್ಟ್ರದ ಹುದ್ದೆಗೆ ಅಲ್ಲಿನ ಡೊಮಿಸೈಲ್ ಸರ್ಟಿಫಿಕೇಟ್ ಬೇಕು. ಹೊರಗಿನಿಂದ ಬಂದವರಿಗೆ ಸಾಮಾನ್ಯವಾಗಿ 15 ವರ್ಷ ಇಲ್ಲೇ ಇದ್ದ ದಾಖಲೆ ಕೇಳುತ್ತಾರೆ. ಬಾಡಿಗೆ ಮನೆ ಬದಲಾಯಿಸುತ್ತಾ ಬಂದವರ ಹತ್ತಿರ ಆ ದಾಖಲೆ ಇರುವುದಿಲ್ಲ. ಶಾಲೆಯ ಲೀವಿಂಗ್ ಸರ್ಟಿಫಿಕೇಟ್, ರೇಷನ್ ಕಾರ್ಡ್, ಹಳೆಯ ಕರೆಂಟ್ ಬಿಲ್ ಎಲ್ಲ ಒಂದು ಫೈಲಿಗೆ ಹಾಕಿ ಇವತ್ತೇ ಶುರು ಮಾಡಿ. ಮರಾಠಿ ಓದಲು, ಬರೆಯಲು, ಮಾತಾಡಲು ಬರಬೇಕು. ಮಾರ್ಕೆಟ್‌ನಲ್ಲಿ ಆಡುವ ಮರಾಠಿ ಸಾಲದು. ವರದಿ ಬರೆಯಲು ಬರಬೇಕು.

ಮನೆಯ ಮೂಲ ಕಲಬುರಗಿ, ಯಾದಗಿರಿ, ಬೀದರ್ ಕಡೆಯದಾದರೆ ಕರ್ನಾಟಕದ ನೇಮಕಾತಿಯಲ್ಲಿ 371(ಜೆ) ಮೀಸಲಾತಿ (ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ ಆ ವಿಧಿಯಡಿ ಇರುವುದು) ಸಿಗುತ್ತದೆಯೇ ಅಂತ ತಹಶೀಲ್ದಾರ್ ಕಚೇರಿಯಲ್ಲಿ ಕೇಳಿ. ಪುಣೆಯಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಇನ್ನೊಂದು ತೊಡಕು: ಕನ್ನಡ ಮಾತಾಡುತ್ತಾರೆ, ಬರೆಯಲು ಬರುವುದಿಲ್ಲ. ಕರ್ನಾಟಕದ ಹುದ್ದೆ ಬೇಕಿದ್ದರೆ ದಿನಕ್ಕೆ ಒಂದು ಪುಟ ಕನ್ನಡ ಬರೆದು ಅಭ್ಯಾಸ ಮಾಡಿ. ಎರಡೂ ರಾಜ್ಯಕ್ಕೆ ಒಟ್ಟಿಗೆ ತಯಾರಾಗಲು ಹೋಗಿ ಎರಡೂ ಕೈತಪ್ಪಿದವರನ್ನು ನೋಡಿದ್ದೇನೆ. ಒಂದನ್ನು ಆರಿಸಿಕೊಳ್ಳಿ.

## ಹಂತ 3: ಮೈ ಹದ ಮಾಡುವುದು

2023ರ ಮಹಾರಾಷ್ಟ್ರ ವನರಕ್ಷಕ ನೇಮಕಾತಿಯಲ್ಲಿ ಗಂಡಸರಿಗೆ 5 ಕಿ.ಮೀ., ಹೆಂಗಸರಿಗೆ 3 ಕಿ.ಮೀ. ಓಟ ಇತ್ತು. ಓಡಿದ ಸಮಯದ ಮೇಲೆ ಅಂಕ. ಪಾಸಾದರೆ ಸಾಕು ಅಂತ ಓಡಿದವರು ಪಟ್ಟಿಯಲ್ಲಿ ಕೆಳಗೆ ಬಿದ್ದರು.

ಆದರೆ ಬೆಂಕಿಯ ಕೆಲಸಕ್ಕೆ ಓಟಕ್ಕಿಂತ ಹೊರೆ ಹೊತ್ತು ನಡೆಯುವ ಶಕ್ತಿ ಮುಖ್ಯ. ಅಮೆರಿಕದಲ್ಲಿ ಇದಕ್ಕೆ 'ಪ್ಯಾಕ್ ಟೆಸ್ಟ್' ಅಂತ ಇದೆ: ಸುಮಾರು 20 ಕೆ.ಜಿ. ಹೊರೆ ಹೊತ್ತು 4.8 ಕಿ.ಮೀ. ದೂರವನ್ನು 45 ನಿಮಿಷದಲ್ಲಿ ಮುಗಿಸಬೇಕು. ಓಡುವಂತಿಲ್ಲ, ಬರೀ ನಡಿಗೆ. ನಮ್ಮಲ್ಲಿ ಯಾರೂ ಇದನ್ನು ಕೇಳುವುದಿಲ್ಲ, ಆದರೂ ನಿಮ್ಮನ್ನು ನೀವೇ ಅಳೆದುಕೊಳ್ಳಲು ಇದಕ್ಕಿಂತ ಒಳ್ಳೆಯ ಅಳತೆ ನನಗೆ ಗೊತ್ತಿಲ್ಲ.

ಮೊದಲ ವಾರವೇ 20 ಕೆ.ಜಿ. ಹೊರಬೇಡಿ. ಬ್ಯಾಗಿನಲ್ಲಿ 5 ಕೆ.ಜಿ. ಮರಳಿನಿಂದ ಶುರು ಮಾಡಿ, ಎರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಏರಿಸಿ. ಸಮತಟ್ಟು ರಸ್ತೆಯಲ್ಲಿ ಮೊದಲು, ತಳಜಾಯಿ ಅಥವಾ ವೇತಾಳ ಟೇಕಡಿ ಆಮೇಲೆ. ಮಂಡಿ ನೋವು, ಸೊಂಟದಲ್ಲಿ ಚುಚ್ಚು ಬಂದರೆ ತೂಕ ಇಳಿಸಿ. ಸಹಿಸಿಕೊಂಡು ನಡೆದರೆ ಮೂರು ತಿಂಗಳು ಮನೆಯಲ್ಲಿ ಕೂರಬೇಕಾಗುತ್ತದೆ.

## ಹಂತ 4: ಬೆಂಕಿಯನ್ನು ಓದಲು ಕಲಿಯಿರಿ

ಇದಕ್ಕೆ ದುಡ್ಡು ಬೇಡ, ಕಣ್ಣು ಬೇಕು. ಬೆಂಕಿ ಹೇಗೆ ಓಡುತ್ತದೆ ಅನ್ನುವುದನ್ನು ಮೂರು ವಿಷಯ ತೀರ್ಮಾನಿಸುತ್ತವೆ: ಉರಿಯುವ ವಸ್ತು, ಹವಾಮಾನ, ನೆಲದ ಏರಿಳಿತ.

ಪುಣೆಯ ಗುಡ್ಡಗಳಲ್ಲಿ ಉರಿಯುವುದು ಮುಖ್ಯವಾಗಿ ಒಣ ಹುಲ್ಲು, ನಮ್ಮ ಕಡೆ ಕರಡ ಅನ್ನುತ್ತೇವಲ್ಲ, ಅದು. ಹುಲ್ಲಿನ ಬೆಂಕಿ ಸಣ್ಣದು ಅಂತ ಅನಿಸುತ್ತದೆ. ಬೇಗ ಹತ್ತುತ್ತದೆ, ಬೇಗ ಆರುತ್ತದೆ, ಆದರೆ ಗಾಳಿ ತಿರುಗಿದ ಕ್ಷಣದಲ್ಲೇ ತಾನೂ ತಿರುಗುತ್ತದೆ. ಮರದ ದಿಮ್ಮಿಯ ಬೆಂಕಿ ನಿಮಗೆ ಯೋಚಿಸಲು ಸಮಯ ಕೊಡುತ್ತದೆ, ಹುಲ್ಲು ಕೊಡುವುದಿಲ್ಲ.

ಬೆಂಕಿ ಏರಿನಲ್ಲಿ ವೇಗವಾಗಿ ಓಡುತ್ತದೆ. ಇಳಿಜಾರು 10 ಡಿಗ್ರಿ ಹೆಚ್ಚಾದರೆ ವೇಗ ಸುಮಾರು ಎರಡು ಪಟ್ಟು, 20 ಡಿಗ್ರಿ ಆದರೆ ನಾಲ್ಕು ಪಟ್ಟು. ಜ್ವಾಲೆ ಮೇಲಿನ ಹುಲ್ಲಿಗೆ ಹತ್ತಿರವಾಗಿ, ಅದನ್ನು ಮೊದಲೇ ಒಣಗಿಸಿ ಕಾಯಿಸಿಬಿಡುತ್ತದೆ. ಹಾಗಾಗಿ ಉರಿಯ ಮೇಲ್ಭಾಗದಲ್ಲಿ ನಿಲ್ಲಬಾರದು. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದವರು ಬೆಂಕಿಗೆ ಸಿಕ್ಕಿದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅದು ಕೂಡ ಹುಲ್ಲು ತುಂಬಿದ ಕಡಿದಾದ ಇಳಿಜಾರು.

ಈ ಹಂತದ ಅಭ್ಯಾಸ ಹೀಗೆ. ಭಾರತೀಯ ಅರಣ್ಯ ಸಮೀಕ್ಷೆ ಸಂಸ್ಥೆ ಉಪಗ್ರಹದಿಂದ ಬೆಂಕಿ ಗುರುತಿಸಿ ಎಚ್ಚರಿಕೆ ಕಳಿಸುತ್ತದೆ. ಯಾರು ಬೇಕಾದರೂ ನೋಂದಾಯಿಸಿಕೊಳ್ಳಬಹುದು. ನಿಮ್ಮ ಜಿಲ್ಲೆಯ ಎಚ್ಚರಿಕೆ ಬಂದಾಗ ನಕ್ಷೆಯಲ್ಲಿ ಆ ಜಾಗ ನೋಡಿ: ಇಳಿಜಾರು ಯಾವ ಕಡೆ, ಆ ಹೊತ್ತಿನ ಗಾಳಿ ಯಾವ ಕಡೆ, ರಸ್ತೆ ಎಲ್ಲಿ. ಬೆಂಕಿ ಎಲ್ಲಿಗೆ ಹೋದೀತು ಅಂತ ಮೊದಲು ಬರೆದಿಡಿ. ಒಂದೆರಡು ದಿನ ಬಿಟ್ಟು, ಅನುಮತಿ ಇರುವ ಜಾಗವಾದರೆ ಹೋಗಿ ಸುಟ್ಟ ಗುರುತು ನೋಡಿ. ಒಂದು ವಿಷಯ ನೆನಪಿಡಿ: ನಕ್ಷೆಯ ಮೇಲೆ ಬೆಂಕಿ ಚುಕ್ಕೆಯಾಗಿ ಕಾಣುತ್ತದೆ. ಉಪಗ್ರಹದಲ್ಲಿರುವ ವಿಐಐಆರ್‌ಎಸ್ ಸೆನ್ಸರಿನ ಒಂದು ಚುಕ್ಕೆ ಅಂದರೆ ಸುಮಾರು 375 ಮೀಟರ್ ಚೌಕ, ಮೋಡಿಸ್ ಅನ್ನುವ ಇನ್ನೊಂದು ಸೆನ್ಸರಿನದು 1 ಕಿ.ಮೀ. ಚೌಕ. ಚುಕ್ಕೆ ಇದ್ದಲ್ಲೇ ಬೆಂಕಿ ಇರುತ್ತದೆ ಅಂತಿಲ್ಲ. ಗದ್ದೆಯಲ್ಲಿ ಕಬ್ಬಿನ ರವದಿ ಸುಟ್ಟರೂ ಚುಕ್ಕೆ ಬೀಳುತ್ತದೆ.

## ಹಂತ 5: ಸಾಮಾನು

ಬಟ್ಟೆಯಿಂದ ಶುರು ಮಾಡೋಣ. ಪೂರ್ತಿ ತೋಳಿನ ದಪ್ಪ ಹತ್ತಿ ಅಂಗಿ, ಜೀನ್ಸ್ ಅಥವಾ ಹತ್ತಿ ಪ್ಯಾಂಟ್, ಪಾದದ ಗಂಟು ಮುಚ್ಚುವ ಚರ್ಮದ ಬೂಟು, ಚರ್ಮದ ಕೈಗವಸು, ಟೋಪಿ ಅಥವಾ ಹೆಲ್ಮೆಟ್, ಕನ್ನಡಕ. ನೈಲಾನ್, ಪಾಲಿಸ್ಟರ್ ಬೇಡವೇ ಬೇಡ. ನಾನು ಮೊದಲ ಬೇಸಿಗೆಯಲ್ಲಿ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಹೋಗಿದ್ದೆ. ಕಡಲೆಕಾಳಿನಷ್ಟು ಒಂದು ಕಿಡಿ ತೊಡೆಯ ಮೇಲೆ ಬಿತ್ತು. ಬಟ್ಟೆ ಉರಿಯಲಿಲ್ಲ, ಕರಗಿ ಚರ್ಮಕ್ಕೆ ಅಂಟಿಕೊಂಡಿತು. ಎಳೆದರೆ ಚರ್ಮವೂ ಬರುತ್ತಿತ್ತು. ಆ ಕಲೆ ಇನ್ನೂ ಇದೆ.

ಮುಖಕ್ಕೆ ಒದ್ದೆ ಬಟ್ಟೆ ಕಟ್ಟುವುದು ಎಲ್ಲರೂ ಮಾಡುವ ತಪ್ಪು. ತಂಪಾಗುತ್ತದೆ ಅಂತ ಅನಿಸುತ್ತದೆ, ಆದರೆ ಬಿಸಿ ಹತ್ತಿರ ಬಂದಾಗ ಆ ನೀರು ಹಬೆಯಾಗುತ್ತದೆ. ಒಣ ಗಾಳಿಗಿಂತ ಹಬೆ ಗಂಟಲನ್ನು ಹೆಚ್ಚು ಸುಡುತ್ತದೆ. ಒಣ ಹತ್ತಿ ಬಟ್ಟೆಯೇ ಸರಿ.

ಉಪಕರಣಗಳು: ಬೀಟರ್ (ಉರಿಯ ಮೇಲೆ ಒತ್ತಿ ಆರಿಸುವ ಉದ್ದ ಹಿಡಿಯ ಸಾಧನ), ರೇಕ್, ಗುದ್ದಲಿ, ಸಲಿಕೆ, ಕೊಯ್ತಾ, ಬೆನ್ನಿಗೆ ಹಾಕುವ ಸ್ಪ್ರೇಯರ್. ಈಗ ಹಲವು ಕಡೆ ಇಲಾಖೆಯವರು ತರಗೆಲೆ ಸರಿಸಲು ಬ್ಲೋವರ್ ಬಳಸುತ್ತಾರೆ. ಹಸಿ ಕೊಂಬೆ ಮುರಿದುಕೊಂಡರಾಯಿತು ಅಂತ ಬರಿಗೈಲಿ ಹೋಗಬೇಡಿ. ಪುಣೆಯ ಗುಡ್ಡಗಳ ತುಂಬ ಇರುವುದು ಗ್ಲಿರಿಸಿಡಿಯಾ, ನಮ್ಮ ರೈತರು ಗೊಬ್ಬರದ ಗಿಡ ಅನ್ನುತ್ತಾರೆ. ಬೆಂಕಿಯ ತಿಂಗಳಲ್ಲಿ ಅದರ ಎಲೆ ಉದುರಿರುತ್ತದೆ. ಹಸಿ ಸೊಪ್ಪು ಬೇಕಾದಾಗಲೇ ಸಿಗುವುದಿಲ್ಲ.

ನೀರು ಒಬ್ಬರಿಗೆ 4 ಲೀಟರ್ ಆದರೂ ಇರಲಿ. ಜೊತೆಗೆ ಓಆರ್‌ಎಸ್ ಪ್ಯಾಕೆಟ್, ಟಾರ್ಚ್, ಸೀಟಿ.

## ಹಂತ 6: ಒಂದು ಬೇಸಿಗೆ ಗಾರ್ಡ್ ಜೊತೆ

ಮಹಾರಾಷ್ಟ್ರದಲ್ಲಿ ಬೆಂಕಿಯ ಕಾಲ ಅಂತ ಇಲಾಖೆ ಲೆಕ್ಕ ಹಿಡಿಯುವುದು ಫೆಬ್ರವರಿ 15ರಿಂದ ಜೂನ್ 15ರವರೆಗೆ. ಅದಕ್ಕೆ ಮೊದಲೇ ನಿಮ್ಮ ಹತ್ತಿರದ ರೇಂಜ್ ಆಫೀಸಿಗೆ ಹೋಗಿ ಹೆಸರು, ಫೋನ್ ನಂಬರ್ ಕೊಟ್ಟು ಬನ್ನಿ. ಸ್ವಯಂಸೇವಕನಾಗಿ ಬರುತ್ತೇನೆ ಅಂತ ಬರಹದಲ್ಲಿ ಕೊಡಿ. ಒಂದು ಸಲ ಹೋದರೆ ಯಾರೂ ಗಮನಿಸುವುದಿಲ್ಲ. ಮೂರು ಸಲ ಹೋಗಿ. ಅಲ್ಲಿನ ಗಾರ್ಡ್‌ಗಳನ್ನು ಭಾವೂ, ದಾದಾ, ತಾಈ (ಮರಾಠಿಯಲ್ಲಿ ಅಕ್ಕ) ಅಂತ ಗೌರವದಿಂದ ಮಾತಾಡಿಸಿ. ಗುಡ್ಡದ ಪ್ರತಿ ಕಾಲುದಾರಿ ಅವರಿಗೆ ಗೊತ್ತು. ನಿಮ್ಮ ನಿಜವಾದ ಗುರುಗಳು ಅವರೇ.

ಒಬ್ಬರೇ ಬೆಂಕಿಗೆ ಹೋಗುವುದು ಎಂದಿಗೂ ಬೇಡ. ಹೊಗೆ ಕಂಡರೆ ಮೊದಲು 1926ಕ್ಕೆ ಫೋನ್ ಮಾಡಿ, ಅದು ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ. ಆಮೇಲೆ ಗಾರ್ಡ್‌ಗೆ.

ತಂಡ ಸೇರಿದ ಮೇಲೆ ಬೆಂಕಿಗೆ ಕೈ ಹಚ್ಚುವ ಮುಂಚೆ ನಾಲ್ಕು ಪ್ರಶ್ನೆಗೆ ಉತ್ತರ ಸಿಗಬೇಕು. ಎತ್ತರದಲ್ಲಿ ನಿಂತು ಬೆಂಕಿ ನೋಡುತ್ತಿರುವವರು ಯಾರು? ಅವರ ಮಾತು ನಮಗೆ ಹೇಗೆ ತಲುಪುತ್ತದೆ? ಪಾರಾಗುವ ಎರಡು ದಾರಿ ಯಾವುವು? ಓಡಿ ಹೋಗಿ ನಿಲ್ಲುವ ಜಾಗ ಎಲ್ಲಿ? ಆ ಜಾಗ ಆಗಲೇ ಪೂರ್ತಿ ಸುಟ್ಟು ಕರಿಯಾದ ನೆಲವಾದರೆ ಒಳ್ಳೆಯದು, ಅಲ್ಲಿ ಮತ್ತೆ ಉರಿಯಲು ಏನೂ ಉಳಿದಿರುವುದಿಲ್ಲ. ಒಂದಕ್ಕೆ ಉತ್ತರ ಇಲ್ಲದಿದ್ದರೂ ಕೆಲಸ ಶುರು ಮಾಡಬಾರದು. ಅಮೆರಿಕದ ತಂಡಗಳು ಇದೇ ನಾಲ್ಕನ್ನು 'ಎಲ್‌ಸಿಇಎಸ್' ಅಂತ ಕಲಿಸುತ್ತವೆ. ಪಾಲ್ ಗ್ಲೀಸನ್ ಅನ್ನುವ ಅಗ್ನಿಶಾಮಕ 1991ರಲ್ಲಿ ಬರೆದದ್ದು. ನಮ್ಮ ಗುಡ್ಡಕ್ಕೂ ಅದು ಹಾಗೇ ಹೊಂದುತ್ತದೆ.

ಈಗ ಬೀಟರ್ ಹಿಡಿಯುವ ರೀತಿ. ಹೊಸಬರು ಬಟ್ಟೆ ಒಗೆದ ಹಾಗೆ ತಲೆಯ ಮೇಲೆತ್ತಿ ಬಡಿಯುತ್ತಾರೆ. ಪ್ರತಿ ಏಟಿಗೂ ಕಿಡಿ ಹಾರಿ ಹಿಂದಿನ ಹುಲ್ಲಿಗೆ ಬೀಳುತ್ತದೆ. ಬೀಟರನ್ನು ಮಂಡಿಗಿಂತ ಮೇಲೆ ಎತ್ತಬೇಡಿ. ಉರಿಯ ಅಂಚಿನ ಮೇಲೆ ಇಟ್ಟು, ಒತ್ತಿ, ಸುಟ್ಟ ಕಡೆಗೆ ಎಳೆಯಿರಿ. ಒತ್ತುವುದು, ಎಳೆಯುವುದು, ಅಷ್ಟೇ. ನಿಮ್ಮ ಕಾಲು ಕರಿ ನೆಲದ ಮೇಲಿರಲಿ. ಶುರು ಮಾಡುವುದು ಬೆಂಕಿಯ ಬಾಲದಿಂದ, ಅಂದರೆ ಅದರ ಹಿಂಬದಿಯಿಂದ, ಆಮೇಲೆ ಎರಡು ಪಕ್ಕದಿಂದ ಮುಂದೆ ಹೋಗುತ್ತಾ ತಲೆಯನ್ನು, ಅಂದರೆ ಮುಂದೆ ಓಡುವ ಅಂಚನ್ನು, ಕಿರಿದು ಮಾಡಬೇಕು. ಉರಿಯ ಉದ್ದ 1.2 ಮೀಟರ್, ಅಂದರೆ ನಿಮ್ಮ ಎದೆಮಟ್ಟ ದಾಟಿದರೆ ಕೈ ಉಪಕರಣದಿಂದ ಎದುರು ನಿಲ್ಲುವುದು ಸಾಧ್ಯವಿಲ್ಲ. ಆಗ ಹಿಂದೆ ಸರಿದು ದೂರದಲ್ಲಿ ರೇಖೆ ತೆಗೆಯಬೇಕು, ಅಂದರೆ ಬೆಂಕಿ ದಾಟದ ಹಾಗೆ ಒಂದು ಪಟ್ಟಿ ನೆಲ ಬರಿದು ಮಾಡಬೇಕು.

ಬೆಂಕಿ ಆರಿದ ಮೇಲೆ ಜನ ಫೋಟೊ ತೆಗೆದುಕೊಂಡು ಹೊರಟುಬಿಡುತ್ತಾರೆ. ಅರ್ಧ ಕೆಲಸ ಉಳಿಯುವುದು ಆಗಲೇ. ಒಂದು ಸಲ ಬೆಳಿಗ್ಗೆ ಹನ್ನೊಂದಕ್ಕೆ ಇಡೀ ಇಳಿಜಾರು ಆರಿಸಿ ನಾವು ಕೆಳಗಿಳಿದೆವು. ಮೂರು ಗಂಟೆಗೆ ಅದೇ ಜಾಗದಿಂದ ಹೊಗೆ ಎದ್ದಿತು. ಕಾರಣ ಒಂದು ಒಣ ಸೆಗಣಿ. ದನ ಮೇಯುವ ಗುಡ್ಡ ಅದು. ಸೆಗಣಿ ಹೊರಗಿನಿಂದ ಬೂದಿಯಾಗಿ ಕಾಣುತ್ತದೆ, ಒಳಗೆ ಗಂಟೆಗಟ್ಟಲೆ ಕೆಂಡ ಹಿಡಿದಿರುತ್ತದೆ. ಮಧ್ಯಾಹ್ನದ ಗಾಳಿ ಅದನ್ನು ಊದಿತು. ನಾವು ಆರಿಸಿದ್ದಕ್ಕಿಂತ ಹೆಚ್ಚು ಹುಲ್ಲು ಆಮೇಲೆ ಹೋಯಿತು.

ಹಾಗಾಗಿ ಅಂಚಿನ ಉದ್ದಕ್ಕೂ ನಡೆದು ಪ್ರತಿ ಸೆಗಣಿ, ಪ್ರತಿ ಬೊಡ್ಡೆ, ಪ್ರತಿ ಬೇರು ನೋಡಿ. ಕೈಗವಸು ತೆಗೆದು ಕೈಯ ಹಿಂಭಾಗವನ್ನು ಬೂದಿಯ ಹತ್ತಿರ ಹಿಡಿಯಿರಿ. ಮುಟ್ಟುವ ಮುಂಚೆಯೇ ಬಿಸಿ ತಿಳಿಯುತ್ತದೆ. ಅಂಗೈ ಬೇಡ, ಸುಟ್ಟರೆ ಆ ದಿನ ಏನೂ ಹಿಡಿಯಲು ಆಗುವುದಿಲ್ಲ. ಬಿಸಿ ಇದ್ದರೆ ಕೆದಕಿ, ಹರಡಿ, ಮಣ್ಣಿನ ಜೊತೆ ಕಲಸಿ, ನೀರಿದ್ದರೆ ಹಾಕಿ, ಮತ್ತೆ ಕೈ ಹಿಡಿದು ನೋಡಿ. ಬರೀ ಮಣ್ಣು ಮುಚ್ಚಿ ಹೋಗಬೇಡಿ. ಮಣ್ಣಿನ ಕೆಳಗೆ ಕೆಂಡ ಹಾಗೇ ಇರುತ್ತದೆ.

### ತಕ್ಷಣ ಹಿಂದೆ ಸರಿಯಬೇಕಾದ ಸೂಚನೆಗಳು

ಗಾಳಿ ಇದ್ದಕ್ಕಿದ್ದಂತೆ ನಿಂತರೆ ಖುಷಿಪಡಬೇಡಿ. ಅದು ದಿಕ್ಕು ಬದಲಿಸುವ ಮುಂಚೆ ಹೀಗೆ ನಿಲ್ಲುವುದುಂಟು. ನಿಮ್ಮ ಹಿಂದೆ ಸಣ್ಣ ಸಣ್ಣ ಹೊಗೆ ಎದ್ದರೆ ಕಿಡಿ ರೇಖೆ ದಾಟಿದೆ ಎಂದರ್ಥ. ಬೆಂಕಿ ನಿಮ್ಮ ಕೆಳಗಡೆ ಇದ್ದು ನಡುವೆ ಸುಡದ ಹುಲ್ಲಿದ್ದರೆ, ಅಥವಾ ಮುಖ್ಯ ಉರಿ ನಿಮ್ಮ ಕಣ್ಣಿಗೆ ಕಾಣದಿದ್ದರೆ, ಆ ಜಾಗ ಬಿಡಿ.

ಜೊತೆಗಾರನ ಮೇಲೂ ಕಣ್ಣಿರಲಿ. ತಲೆನೋವು, ವಾಕರಿಕೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಹೊಗೆಯ ವಿಷ ಅಥವಾ ಬಿಸಿಲಿನ ಹೊಡೆತದ ಲಕ್ಷಣ. ಅವನು "ಏನೂ ಇಲ್ಲ, ಆರಾಮ ಇದ್ದೀನಿ" ಅಂದರೂ ಕೇಳಬೇಡಿ, ಕರೆದುಕೊಂಡು ಕೆಳಗಿಳಿಯಿರಿ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಗಾರ್ಡ್ ಒಬ್ಬರು ಜೀವ ಕಳೆದುಕೊಂಡರು. ಕಾಡು ಗೊತ್ತಿದ್ದವರಿಗೇ ಹೀಗಾಗುತ್ತದೆ.

## ಹಂತ 7: ಬೇಕೆಂದೇ ಹಚ್ಚುವ ಬೆಂಕಿ

ಮೊದಲೇ ಹೇಳಿಬಿಡುತ್ತೇನೆ: ನೀವಾಗಿ ನೀವೇ ಕಾಡಿನಲ್ಲಾಗಲಿ, ಗುಡ್ಡದಲ್ಲಾಗಲಿ ಬೆಂಕಿ ಹಚ್ಚುವಂತಿಲ್ಲ. ಕಲಿಯಲು ಕೂಡ. 1927ರ ಭಾರತೀಯ ಅರಣ್ಯ ಕಾಯ್ದೆಯಲ್ಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಅಪರಾಧ. ಒಂದು ಕೇಸ್ ಬಿದ್ದರೆ ಸರ್ಕಾರಿ ನೌಕರಿಯ ದಾರಿಯೂ ಮುಚ್ಚುತ್ತದೆ.

ಕಲಿಯುವ ಜಾಗ ಬೆಂಕಿ ರೇಖೆ. ಮರಾಠಿಯಲ್ಲಿ 'ಜಾಳರೇಷಾ' ಅನ್ನುತ್ತಾರೆ, ಈ ಪದ ರೂಢಿ ಮಾಡಿಕೊಳ್ಳಿ. ಬೆಂಕಿಯ ಕಾಲ ಶುರುವಾಗುವ ಮುಂಚೆ ಇಲಾಖೆಯವರು ಕಾಡಿನ ಅಂಚಿಗೆ, ರಸ್ತೆ ಬದಿಗೆ ಪಟ್ಟಿಯಾಕಾರದ ಜಾಗವನ್ನು ತಾವೇ ಸುಟ್ಟು ಬರಿದು ಮಾಡುತ್ತಾರೆ. ಆಮೇಲೆ ಬರುವ ಬೆಂಕಿ ಅಲ್ಲಿ ನಿಲ್ಲಬೇಕು. ಈ ಕೆಲಸಕ್ಕೆ ಜನ ಬೇಕಾಗುತ್ತದೆ. ಹಂತ 6ರ ಹಾಗೆ ಹೆಸರು ಕೊಟ್ಟವರನ್ನು ಕರೆಯುವುದು ಇಲ್ಲಿಗೇ.

ಕ್ರಮ ಹೀಗಿರುತ್ತದೆ. ಮೊದಲು ಪಟ್ಟಿಯ ಎರಡು ಅಂಚಿನ ಹುಲ್ಲು ಕೊಯ್ದು ಒಳಕ್ಕೆ ಹಾಕುತ್ತಾರೆ, ಅಂಚಿನ ನೆಲ ಮಣ್ಣು ಕಾಣುವಷ್ಟು ಗುಡಿಸುತ್ತಾರೆ. ಕೊಯ್ದ ಹುಲ್ಲು ಕೆಲವು ದಿನ ಒಣಗಬೇಕು. ಸುಡುವ ದಿನ ಗಾಳಿ ಕಡಿಮೆ ಇರುವ ಹೊತ್ತು ಆರಿಸುತ್ತಾರೆ, ಇಬ್ಬನಿ ಆರಿದ ಮೇಲೆ ಮತ್ತು ಬಿಸಿಲು ಏರುವ ಮುಂಚೆ. ಎರಡೂ ಬದಿಗೆ ಬೀಟರ್ ಹಿಡಿದ ಜನ ನಿಂತ ಮೇಲೆಯೇ ಬೆಂಕಿ. ಅದನ್ನೂ ಮೊದಲು ಒಂದು ಸಣ್ಣ ಚೌಕಕ್ಕೆ ಹಚ್ಚಿ ನೋಡುತ್ತಾರೆ. ಹೊಗೆ ಯಾವ ಕಡೆ ಬಾಗಿತು, ಉರಿ ಎಷ್ಟು ಎತ್ತರ, ಬೀಟರ್ ಒತ್ತಿದರೆ ಆರುತ್ತದೆಯೇ? ಆರಲಿಲ್ಲವೆಂದರೆ ಆ ದಿನದ ಕೆಲಸ ಮುಗಿಯಿತು.

ಸರಿ ಹೋದರೆ ಗಾಳಿ ಹೋಗುವ ಕಡೆಯ ತುದಿಯಿಂದ ಹಚ್ಚಿ ಗಾಳಿಗೆ ಎದುರಾಗಿ ಹಿಂದಕ್ಕೆ ತರುತ್ತಾರೆ. ಇಳಿಜಾರಾದರೆ ಮೇಲಿನಿಂದ ಕೆಳಕ್ಕೆ. ಹೀಗೆ ಬರುವ ಬೆಂಕಿ ಗಿಡ್ಡ, ನಿಧಾನ. ಕೆಲಸ ಬೇಗ ಮುಗಿಯಲಿ ಅಂತ ಗಾಳಿಯ ಜೊತೆಗೆ ಹಚ್ಚಿದಾಗಲೇ ರೇಖೆ ದಾಟಿ ಕಾಡಿಗೆ ಹೋಗುತ್ತದೆ. ನನ್ನ ಅನುಭವದಲ್ಲಿ ಆತುರವೇ ಇಲ್ಲಿ ದೊಡ್ಡ ಶತ್ರು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 'ತರಗು ಬೆಂಕಿ' ಗೊತ್ತಿತ್ತು. ಬೇಸಿಗೆಯ ಮೊದಲಲ್ಲೇ, ನೆಲದಲ್ಲಿ ಇನ್ನೂ ತೇವ ಇರುವಾಗ ತರಗೆಲೆಗೆ ಹಚ್ಚುವ ತಣ್ಣನೆಯ ಬೆಂಕಿ ಅದು. ಬೇಗ ಹಚ್ಚಿದ ಸಣ್ಣ ಬೆಂಕಿಗೂ ಏಪ್ರಿಲ್‌ನ ದೊಡ್ಡ ಬೆಂಕಿಗೂ ಇರುವ ವ್ಯತ್ಯಾಸ ತಿಳಿಯಬೇಕಾದರೆ ಇದರ ಬಗ್ಗೆ ಓದಿ. ಪುಣೆ ಸುತ್ತ ಮುಂದಿನ ವರ್ಷ ಹುಲ್ಲು ಚೆನ್ನಾಗಿ ಬರಲಿ ಅಂತ ಗುಡ್ಡಕ್ಕೆ ಬೆಂಕಿ ಇಡುವವರಿದ್ದಾರೆ. ಅವರು ಇಡುವುದು ಮಾರ್ಚ್, ಏಪ್ರಿಲ್‌ನಲ್ಲಿ. ಎರಡನ್ನೂ ಒಂದೇ ಅನ್ನಬೇಡಿ.

ವನರಕ್ಷಕರಾಗಿ ಆಯ್ಕೆಯಾದ ಮೇಲೆ ಇಲಾಖೆಯೇ ತರಬೇತಿ ಕೊಡುತ್ತದೆ. ಮಹಾರಾಷ್ಟ್ರದ ದೊಡ್ಡ ಅರಣ್ಯ ಅಕಾಡೆಮಿಗಳಲ್ಲಿ ಒಂದು ಸಾಂಗ್ಲಿ ಜಿಲ್ಲೆಯ ಕುಂಡಲ್‌ನಲ್ಲಿದೆ, ಇನ್ನೊಂದು ಚಂದ್ರಪುರದಲ್ಲಿ. ಅದಕ್ಕೆ ನೀವು ಯಾರಿಗೂ ಫೀಸು ಕೊಡಬೇಕಿಲ್ಲ.

## ಹಂತ 8: ಈಗ ಕೋರ್ಸ್

ಒಂದು ಬೇಸಿಗೆ ಮುಗಿದ ಮೇಲೆ ಓದಿದ್ದು ತಲೆಗೆ ಹತ್ತುತ್ತದೆ. ಕಾಡ್ಗಿಚ್ಚಿನ ತರಬೇತಿ ರೂಪಿಸುವ ಅಮೆರಿಕದ ಎನ್‌ಡಬ್ಲ್ಯೂಸಿಜಿ ಸಂಸ್ಥೆಯ ಆರಂಭದ ಪಾಠಗಳಲ್ಲಿ ಎಸ್-190 ಬೆಂಕಿಯ ನಡವಳಿಕೆಯ ಬಗ್ಗೆ, ಎಸ್-130 ಕೆಲಸದ ಬಗ್ಗೆ, ಎಲ್-180 ತಂಡದಲ್ಲಿ ಮನುಷ್ಯರು ತಪ್ಪು ಮಾಡುವ ಬಗ್ಗೆ. ಮೊದಲು ಎಸ್-190 ಓದಿ. ಎಸ್-130ಕ್ಕೆ ಮೈದಾನದಲ್ಲಿ ಮಾಡಿ ತೋರಿಸುವ ಭಾಗವೂ ಇದೆ, ಅದನ್ನು ಮನೆಯಲ್ಲಿ ಕೂತು ಮುಗಿಸಲು ಬರುವುದಿಲ್ಲ.

ಇವುಗಳಿಂದ ಇಲ್ಲಿ ನೌಕರಿ ಸಿಗುವುದಿಲ್ಲ. ಅಲ್ಲಿಯೂ ಕೇಂದ್ರ ಸರ್ಕಾರದ ಅಗ್ನಿಶಾಮಕ ಹುದ್ದೆಗೆ ಅಮೆರಿಕದ ಪೌರತ್ವ ಬೇಕು. "ಕೋರ್ಸ್ ಮಾಡಿ, ವೀಸಾ ನಾವು ಮಾಡಿಸುತ್ತೇವೆ" ಅನ್ನುವ ಏಜೆಂಟರಿಗೆ ಒಂದು ರೂಪಾಯಿಯೂ ಕೊಡಬೇಡಿ. ಅರ್ಜಿ, ತರಬೇತಿ, ನೇಮಕಾತಿ ಯಾವುದಕ್ಕೂ ಮುಂಗಡ ಕೇಳಿದರೆ ಫೋನ್ ಇಟ್ಟುಬಿಡಿ.

ನಕ್ಷೆಯ ಕೆಲಸ ಬೇಕಾದವರು ಕ್ಯೂಜಿಐಎಸ್ ಅನ್ನುವ ನಕ್ಷೆ ಸಾಫ್ಟ್‌ವೇರ್ ಕಲಿಯಿರಿ, ಅದು ಉಚಿತ. ಹಂತ 4ರಲ್ಲಿ ಬರೆದಿಟ್ಟ ಟಿಪ್ಪಣಿಗಳನ್ನು ಅದರಲ್ಲಿ ಹಾಕಿ, ಒಂದು ಗುಡ್ಡದ ಐದು ವರ್ಷದ ಬೆಂಕಿ ನಕ್ಷೆ ಮಾಡಿ ರೇಂಜ್ ಆಫೀಸಿಗೆ ಕೊಡಿ. ಎಲ್ಲಿ ಮತ್ತೆ ಮತ್ತೆ ಬೆಂಕಿ ಬೀಳುತ್ತದೆ ಅನ್ನುವುದು ಒಂದು ಹಾಳೆಯಲ್ಲಿ ಕಂಡರೆ ರೇಖೆ ಎಲ್ಲಿ ತೆಗೆಯಬೇಕು ಅಂತ ಅವರಿಗೂ ತಿಳಿಯುತ್ತದೆ.

ಇದನ್ನು ಓದುತ್ತಿರುವುದು ಮಳೆಗಾಲದಲ್ಲಾದರೆ ಹಂತ 2 ಮತ್ತು 3 ಒಟ್ಟಿಗೆ ಶುರು ಮಾಡಿ. ಡಿಸೆಂಬರ್ ಆಗಿದ್ದರೆ ನಾಳೆಯೇ ರೇಂಜ್ ಆಫೀಸಿಗೆ ಹೋಗಿ, ಜಾಳರೇಷಾ ಕೆಲಸ ಯಾವ ದಿನ, ಎಲ್ಲಿಂದ ಅಂತ ಕೇಳಿಕೊಂಡು ಬನ್ನಿ. ಹೋಗುವಾಗ ಹತ್ತಿ ಅಂಗಿ ಹಾಕಿಕೊಂಡು ಹೋಗಿ. ಕೆಲವೊಮ್ಮೆ ಅದೇ ದಿನ ಗಾಡಿ ಹತ್ತಿಸಿಕೊಂಡು ಹೋಗುತ್ತಾರೆ.